ಆವಕದಮ್ಮನ ಹಿತ್ತಲ ರಿಜಿಸ್ಟರು

ಆವಕದಮ್ಮನನ್ನು ನಾನು ಮೊದಲು ಕಂಡದ್ದು ನಾನು ಕಲಿಸುತ್ತಿದ್ದ ಶಾಲೆಯ ಮುರಿದ ಬೆಂಚುಗಳ ವಿಷಯವಾಗಿ ಅರ್ಜಿ ಕೊಡಲು ಶಿಕ್ಷಣ ಇಲಾಖೆಯ ಕಚೇರಿಗೆ ಹೋದ ದಿನ. ಎರಡು ಮಹಡಿಯ ಹಳೆಯ ಕಟ್ಟಡ ಅದು. ಕೆಳಗಿನ ಹಜಾರದ ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ‘ಆವಕ’ ಎಂದು ಬರೆದ ಮರದ ಹಲಗೆ, ಹಲಗೆಯ ಹಿಂದೆ ದಪ್ಪ ಕನ್ನಡಕದ ಒಬ್ಬ ಹೆಂಗಸು. ಕಚೇರಿಗೆ ಬರುವ ಪ್ರತಿಯೊಂದು ಕಾಗದವೂ ಮೊದಲು ಅವರ ಕೈ ಸೇರಬೇಕು, ಮೊಹರು ಬೀಳಬೇಕು, ಯಾವ ದಿನ ಬಂತು, ಯಾರು ತಂದರು ಎಂಬುದು ರಿಜಿಸ್ಟರಿನಲ್ಲಿ ದಾಖಲಾಗಬೇಕು. ಆಮೇಲೆಯೇ ಅದಕ್ಕೆ ಒಳಗಿನ ಸಾಹೇಬರ ದರ್ಶನ.

ನಾನು ಅರ್ಜಿ ಚಾಚಿದೆ. ಅವರು ಅದನ್ನು ನೋಡಲಿಲ್ಲ. ನನ್ನ ಕಾಲು ನೋಡಿದರು.

“ಸ್ವಲ್ಪ ಹಾಗೇ ನಿಂತಿರಿ” ಎಂದವರೇ ಮೇಜು ಬಳಸಿ ಈಚೆ ಬಂದು, ಬಗ್ಗಿ, ನನ್ನ ಪ್ಯಾಂಟಿನ ಅಂಚಿನಿಂದ ಏನನ್ನೋ ಎರಡು ಬೆರಳಲ್ಲಿ ಕಿತ್ತರು. ಉತ್ತರಾಣಿಯ ಮುಳ್ಳುಬೀಜ.

“ಯಾವ ದಾರೀಲಿ ಬಂದ್ರಿ?”

“ಗೋದಾಮಿನ ಹಿಂದಿನ ಕಾಲುದಾರೀಲಿ. ಯಾಕಮ್ಮ?”

“ಹೀಗೇ ಕೇಳಿದೆ. ಅಲ್ಲಿ ಉತ್ತರಾಣಿ ಇರೋದು ನನಗೆ ಗೊತ್ತಿರಲಿಲ್ಲ.” ಬೀಜವನ್ನು ನನ್ನ ಅಂಗೈಯಲ್ಲಿಟ್ಟರು. “ತಗೊಳ್ಳಿ, ನಿಮ್ಮ ಸಾಮಾನು.”

ಗಿಡಗಳ ಮೇಲೆ ಇಷ್ಟು ಅಕ್ಕರೆ ಇದ್ದವರು ಇಟ್ಟುಕೊಳ್ಳಲಿ ಎಂದು, “ಬೇಕಿದ್ರೆ ಮನೇಲಿ ಹಾಕ್ಕೊಳ್ಳಿ” ಎಂದೆ.

“ಹಾಕಿದ್ರೆ ಅದು ತಂದದ್ದಾಯ್ತಲ್ಲ. ನಮ್ಮನೆ ಹಿತ್ತಲಲ್ಲಿ ಬಂದವಕ್ಕೆ ಮಾತ್ರ ಜಾಗ. ತಂದವಕ್ಕಿಲ್ಲ.”

ಇಷ್ಟು ಹೇಳಿ ಹೋಗಿ ಕುಳಿತು, ಅರ್ಜಿಯ ಮೇಲೆ ಧಡ್ ಎಂದು ಮೊಹರು ಹೊಡೆದರು. ಬೆಂಚು ರಿಪೇರಿಯಾಗಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಆ ಮೇಜಿನ ಮುಂದೆ ಎಷ್ಟು ಸಲ ನಿಂತೆನೋ! ಹಾಗೆ ಪರಿಚಯ ಬೆಳೆದು, ಅವರ ಮನೆ ನಮ್ಮ ಮುಂದಿನ ಬೀದಿಯಲ್ಲೇ ಇದೆಯೆಂದು ತಿಳಿದು, ಭಾನುವಾರ ಬೆಳಗ್ಗೆ ಅಲ್ಲಿ ಒಂದು ಲೋಟ ಕಾಫಿ ಕುಡಿಯುವ ಸಲಿಗೆಯಾಯಿತು. ‘ಆವಕದಮ್ಮ’ ಎಂಬ ಹೆಸರನ್ನು ಯಾರು ಇಟ್ಟರೋ ಗೊತ್ತಿಲ್ಲ. ಅವರಿಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. “ಇನ್ನೊಂದು ಮೇಜಿಗೆ ಹಾಕಿದ್ದಿದ್ರೆ ‘ದೂರು ವಿಭಾಗದಮ್ಮ’ ಅಂತಿದ್ರಿ. ಇದೇ ವಾಸಿ” ಎನ್ನುತ್ತಿದ್ದರು.

ಅವರ ಹಿತ್ತಲು ಹತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ನಡುವೆ ದುಂಡನೆಯ ಸಿಮೆಂಟಿನ ನೀರಿನ ತೊಟ್ಟಿ, ಅದಕ್ಕೊಂದು ನಲ್ಲಿ. ಮೂರು ಕಡೆ ಬಿರುಕು ಬಿಟ್ಟ ಗೋಡೆ. ಆ ನೆಲದಲ್ಲಿ ಅವರು ಒಂದು ಬೀಜವನ್ನೂ ಬಿತ್ತಿದವರಲ್ಲ, ಒಂದು ಗಿಡವನ್ನೂ ಕಿತ್ತವರಲ್ಲ. ನಾವು ಕಳೆ ಎಂದು ಕಿತ್ತೆಸೆಯುವ ತುಂಬೆ, ನೆಲನೆಲ್ಲಿ, ಮುಟ್ಟಿದರೆ ಮುನಿ, ಹೆಸರೇ ಗೊತ್ತಿಲ್ಲದ ಹಳದಿ, ನೇರಳೆ ಹೂಗಳು ಅಲ್ಲಿ ಮನೆಯ ಮಕ್ಕಳ ಹಾಗೆ ಇದ್ದವು. ಗೋಡೆಯ ಬಿರುಕಿನಲ್ಲೊಂದು, ಮೆಟ್ಟಿಲ ಸಂದಿಯಲ್ಲೊಂದು, ತೊಟ್ಟಿಯ ಬುಡದಲ್ಲೊಂದು. ಪ್ರತಿಯೊಂದಕ್ಕೂ ರಿಜಿಸ್ಟರಿನಲ್ಲಿ ಒಂದು ಸಾಲು. ಕಚೇರಿಯಲ್ಲಿ ಬಳಸುತ್ತಿದ್ದಂಥದ್ದೇ ಉದ್ದನೆಯ, ಕೆಂಪು ಬೆನ್ನಿನ ಪುಸ್ತಕ. ಕ್ರಮಸಂಖ್ಯೆ, ಬಂದ ದಿನ, ಕಂಡ ಜಾಗ, ತಂದವರು, ಷರಾ. ಜಾಗವನ್ನು ಅವರು ಅಳೆದೇ ಬರೆಯುತ್ತಿದ್ದರು: ‘ತೊಟ್ಟಿಯ ನಲ್ಲಿಯಿಂದ ಬಲಕ್ಕೆ ಮೂರು ಗೇಣು’, ‘ಮೂಡಲ ಗೋಡೆ, ಬಾಗಿಲಿನಿಂದ ಏಳು ಗೇಣು’. ಪ್ರತಿ ಪುಟದ ಕೊನೆಗೆ ‘ಪರಿಶೀಲಿಸಿದೆ’ ಎಂದು ಬರೆದು ಸಹಿ.

‘ತಂದವರು’ ಎಂಬ ಕಲಮಿನಲ್ಲಿ ಗಾಳಿ, ಗುಬ್ಬಿ, ಇರುವೆ, ಪಕ್ಕದ ಮನೆ ಬೆಕ್ಕು ಎಂದೆಲ್ಲ ಇರುತ್ತಿತ್ತು. ಪುಸ್ತಕದ ಹೆಸರು ಗೊತ್ತಿಲ್ಲದ ಗಿಡಕ್ಕೆ ತಂದವರ ಹೆಸರನ್ನೇ ಇಡುವುದು ಅವರ ಪದ್ಧತಿ. ಅಂಚೆಯವನು ಸೈಕಲ್ಲನ್ನು ಹಿತ್ತಲ ಬಾಗಿಲಿಗೆ ಒರಗಿಸಿ ನೀರು ಕುಡಿದು ಹೋಗುತ್ತಿದ್ದ. ಅವನ ಚಕ್ರದ ಮಣ್ಣಿನಲ್ಲಿ ಬಂದಿರಬೇಕೆಂದು ಅವರು ಎಣಿಸಿದ ಒಂದು ಪುಟ್ಟ ನೀಲಿ ಹೂವಿಗೆ ‘ಅಂಚೆಯವನ ನೀಲಿ’ ಎಂದು ಹೆಸರಾಯಿತು. ಬೆಕ್ಕಿನ ಬಾಲದಲ್ಲಿ ಬಂದದ್ದು ‘ಬೆಕ್ಕಿನ ಮುಳ್ಳು’. ನನ್ನ ಚಪ್ಪಲಿಗಂಟಿ ಬಂದ ಒಂದು ಜಾತಿ ಹುಲ್ಲು ‘ಮೇಷ್ಟ್ರ ಹುಲ್ಲು’. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಅದನ್ನು ಕೇಳಿ, “ಅಂತೂ ನಿಮ್ಮ ಹೆಸರಲ್ಲೊಂದು ಸ್ಮಾರಕ ಎದ್ದಿತು ಬಿಡಿ, ದನ ತಿನ್ನದಿದ್ದರೆ ಸಾಕು” ಎಂದು ನಕ್ಕಿದ್ದರು.

ಈ ಹುಚ್ಚು ಯಾಕೆ ಎಂದು ಒಮ್ಮೆ ಸಲಿಗೆಯಿಂದ ಕೇಳಿದೆ. ಅವರು ಗೋಧಿ ಆರಿಸುತ್ತಾ ಕುಳಿತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

“ಮೇಷ್ಟ್ರೇ, ಅಪ್ಪ ಸತ್ತಾಗ ಅವರ ಕೆಲಸ ತಂದು ನನ್ನ ಕೈಗಿಟ್ರು. ಬೇಕಾ ಅಂತ ಕೇಳಲಿಲ್ಲ. ಚಿಕ್ಕಪ್ಪ ಗಂಡನ್ನ ತಂದ್ರು. ಒಳ್ಳೆಯವರನ್ನೇ ತಂದ್ರು, ಅದು ಬೇರೆ ಮಾತು. ಕಚೇರೀಲಿ ನನ್ನ ಕುರ್ಚೀನೂ ಇನ್ಯಾರೋ ಹಾಕಿದ ಜಾಗದಲ್ಲೇ ಇಪ್ಪತ್ತು ವರ್ಷದಿಂದ ಇದೆ. ಈ ಹಿತ್ತಲೊಂದಕ್ಕೆ ಯಾರೂ ಏನೂ ತಂದು ಇಟ್ಟಿಲ್ಲ. ಬಂದಿದ್ದೆಲ್ಲ ಅದರದರ ಇಷ್ಟದಿಂದ ಬಂದದ್ದು. ನನ್ನ ಮನೇನ ಹುಡುಕಿಕೊಂಡು ಬಂತಲ್ಲ ಅನ್ನೋದೇ ಒಂದು ಸಂತೋಷ.”

ಅವರ ಯಜಮಾನರು ಗಡಿಯಾರ ರಿಪೇರಿಯವರು. ಪೇಟೆಬೀದಿಯಲ್ಲಿ ಒಂದು ಕಟ್ಟಡದ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಂಗಡಿ. ಒಂದು ಕಣ್ಣಿಗೆ ಕಪ್ಪು ಬುರುಡೆಯ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಎಳ್ಳಿನಷ್ಟು ತಿರುಪನ್ನು ಹಿಡಿದು ಕೂರಿಸುವುದನ್ನು ನೋಡಬೇಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ. ಎರಡು ವಿಷಯಗಳಿಗೆ ಅವರು ಬೀದಿಗೆಲ್ಲ ಪ್ರಸಿದ್ಧರು. ಒಂದು, ಯಾರ ಗಡಿಯಾರಕ್ಕೂ ನಕಲಿ ಬಿಡಿಭಾಗ ಹಾಕಿದವರಲ್ಲ. ಅಸಲಿ ಸಿಗದಿದ್ದರೆ “ಆಗಲ್ಲ, ತಗೊಂಡು ಹೋಗಿ” ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಡುವರು. ಎರಡು, ಅಳತೆ. ಗೋಡೆಗೆ ಕ್ಯಾಲೆಂಡರ್ ತೂಗುಹಾಕಬೇಕಿದ್ದರೂ ಎರಡು ಕಡೆಯಿಂದ ಅಳೆದು ನಡುಮಧ್ಯಕ್ಕೆ ಮೊಳೆ ಹೊಡೆಯುವರು. ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತಿಟ್ಟರೆ ನಾಲ್ಕು ದಿಕ್ಕಿಗೆ ಸಮನಾಗಿ ಸರಿಸಿ ಆಮೇಲೆ ತಿನ್ನುವರು. ಹೆಂಡತಿಯ ಹಿತ್ತಲನ್ನು ಕಂಡು ತಮಾಷೆ ಮಾಡುತ್ತಿದ್ದರು: “ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮನೇಲಿ ಹಿತ್ತಲ ಕಳೇನೇ ಮದ್ದು. ಇವಳಿಗೆ ತಲೆನೋವು ಬಂದ್ರೆ ಒಂದು ಸುತ್ತು ಹಾಕಿದ್ರೆ ಹೋಗುತ್ತೆ.”

ನಾನು ನಿವೃತ್ತನಾದೆ, ಎರಡು ವರ್ಷದ ನಂತರ ಆವಕದಮ್ಮನೂ ನಿವೃತ್ತರಾದರು. ಆಗ ನನ್ನಿಂದ ಒಂದು ಕೆಲಸವಾಯಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಮಾತಿನ ನಡುವೆ ಅವಳಿಗೆ ಈ ರಿಜಿಸ್ಟರಿನ ವಿಷಯ ಹೇಳಿದೆ. ಮರುದಿನವೇ ಓಡಿ ಬಂದಳು. ಪುಟ ತಿರುವುತ್ತಾ ತಿರುವುತ್ತಾ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ.

“ಇಪ್ಪತ್ತೆರಡು ವರ್ಷ! ಇನ್ನೂರಾ ಹದಿಮೂರು ಗಿಡ! ಅಮ್ಮಾ, ಊರೊಳಗಿನ ಒಂದು ಮನೆಗೆ ಏನೇನು ತಾನಾಗಿ ಬರುತ್ತೆ ಅಂತ ಇಷ್ಟು ದಿನ ಕೂತು ಬರೆದವರು ಎಲ್ಲೂ ಸಿಗಲ್ಲ. ನಾನು ಇದರ ಮೇಲೆ ಲೇಖನ ಬರೀತೀನಿ. ನಿಮ್ಮ ಹೆಸರು ಮೊದಲು, ಆಮೇಲೆ ನನ್ನದು.”

ಅವಳಿಗೆ ಬೇಕಿದ್ದದ್ದು ಎರಡು. ಯಾವ ವರ್ಷ ಯಾವ ಗಿಡ ಎಲ್ಲಿ ಕಂಡಿತು ಎಂದು ತೋರಿಸುವ ಒಂದು ನಕ್ಷೆ. ಇವುಗಳಲ್ಲಿ ಒಂದನ್ನೂ ಮನುಷ್ಯರು ಬಿತ್ತಿಲ್ಲ ಎಂದು ಆವಕದಮ್ಮನ ಸಹಿಯುಳ್ಳ ಒಂದು ಪತ್ರ.

“ಸಹಿ ಈಗಲೇ ಹಾಕ್ತೀನಿ” ಎಂದರು ಆವಕದಮ್ಮ. ಅವರು ಅಷ್ಟು ಸೆಟೆದು ಕುಳಿತದ್ದನ್ನು ನಾನು ಕಚೇರಿಯಲ್ಲೂ ಕಂಡಿರಲಿಲ್ಲ.

“ನಕ್ಷೆ ಆಗಲಿ ಅಮ್ಮ, ಎರಡನ್ನೂ ಒಟ್ಟಿಗೆ ತಗೊಳ್ತೀನಿ” ಎಂದು ಅವಳು ಹೋದಳು.

ನಕ್ಷೆಯ ಕೆಲಸಕ್ಕೆ ನಾನು ಚೌಕಳಿ ಹಾಳೆ, ಕೈವಾರ, ಸ್ಕೇಲು ತಂದೆ. ವೆರಾಂಡದ ಮೇಜಿನ ಮೇಲೆ ಹಾಳೆ ಹರಡಿ, ನಾನು ರಿಜಿಸ್ಟರಿನಿಂದ ಜಾಗವನ್ನು ಓದುವುದು, ಅವರು ಅಳೆದು ಚುಕ್ಕೆ ಇಡುವುದು. ಒಂದು ಗೇಣಿಗೆ ಎರಡು ಚೌಕ. ನಡುವೆ ತೊಟ್ಟಿಯ ಉರುಟು. ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಬೆಳಗ್ಗೆ ತೊಟ್ಟಿಯ ಬುಡದ ಗಿಡಗಳ ಸರದಿ. ಅವು ಒಂದೇ ವರ್ಷದವಲ್ಲ. ಹನ್ನೊಂದನೆಯ ವರ್ಷದ್ದೊಂದು, ಹದಿಮೂರನೆಯದರ ಎರಡು, ಹದಿನೇಳನೆಯದರ ಒಂದು, ಹೀಗೆ. ಎಷ್ಟೋ ಸತ್ತುಹೋಗಿದ್ದವು. ನೆಲದ ಮೇಲೆ ನೋಡಿದವರಿಗೆ ಅಲ್ಲೊಂದು ಇಲ್ಲೊಂದು ಗಿಡ, ಅಷ್ಟೆ. ಆದರೆ ಕಾಗದದ ಮೇಲೆ ಬದುಕಿದ್ದವೂ ಸತ್ತವೂ ಒಟ್ಟಿಗೆ ನಿಂತವು. ನಾನು ಕೊನೆಯದನ್ನು ಓದಿದೆ, ಅವರು ಚುಕ್ಕೆ ಇಟ್ಟರು, ನಾನು ಹಾಳೆಯ ಕಡೆ ನೋಡಿ ಹಿಂದುಮುಂದಿಲ್ಲದೆ ಅಂದುಬಿಟ್ಟೆ:

“ಅರೇ, ಥೇಟ್ ಗಡಿಯಾರದ ಮುಖದ ಹಾಗಿದೆಯಲ್ಲಮ್ಮ!”

ತೊಟ್ಟಿಯ ಸುತ್ತ ಹನ್ನೆರಡು ಚುಕ್ಕೆ. ನಲ್ಲಿಯ ಬಳಿ ಒಂದು, ಅದರ ನೇರ ಎದುರಿಗೆ ಒಂದು, ನಡುವೆ ಅತ್ತ ಐದು, ಇತ್ತ ಐದು. ಎಲ್ಲವೂ ಸಮದೂರ.

ಅವರ ಪೆನ್ಸಿಲು ಹಾಳೆಯಿಂದ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸ್ಕೇಲು ತೆಗೆದುಕೊಂಡು ಮೂಡಲ ಗೋಡೆಯ ಚುಕ್ಕೆಗಳನ್ನು ಅಳೆದರು. ಮೊದಲ ಹತ್ತು ವರ್ಷದವು ಚೆಲ್ಲಾಪಿಲ್ಲಿ. ಆಮೇಲಿನವು ಎರಡೆರಡು ಚೌಕಕ್ಕೆ ಒಂದು. ಪಡುವಲ ಗೋಡೆಯೂ ಹಾಗೆಯೇ.

“ಮೇಷ್ಟ್ರೇ,” ಎಂದರು, “ಗಾಳಿ ಗೇಣು ಹಾಕುತ್ತಾ?”

ನಾನು ಕೈವಾರವನ್ನು ಮಡಚಿಟ್ಟೆ. ಆ ಮನೆಯಲ್ಲಿ ಅಳೆಯದೆ ಏನನ್ನೂ ಇಡಲಾರದ ಮನುಷ್ಯರು ಒಬ್ಬರೇ.

ಗಡಿಯಾರದವರು ಊಟಕ್ಕೆ ಒಂದು ಗಂಟೆಗೆ ಬರುತ್ತಿದ್ದರು. ನಾನು ಎದ್ದೆ. “ನೀವಿರಿ, ಸಾಕ್ಷಿ ಬೇಕು” ಎಂದು ಆವಕದಮ್ಮ ಕೂರಿಸಿದರು. ಒಂದಕ್ಕೆ ಸರಿಯಾಗಿ ಬಾಗಿಲು ಸದ್ದಾಯಿತು. ಅವರು ಕೈಕಾಲು ತೊಳೆದು ಬರುವವರೆಗೆ ಇವರು ಕಾದರು. ಬಂದ ಮೇಲೆ ಹಾಳೆಯನ್ನು ಅವರ ಮುಂದೆ ತಿರುಗಿಸಿದರು.

“ಇದೇನು ಹೇಳಿ.”

“ತೊಟ್ಟಿ. ಚೆನ್ನಾಗಿ ಬರೆದಿದ್ದೀಯಲ್ಲೇ.”

“ಸುತ್ತ?”

“ಗಿಡಗಳು.”

“ಯಾರು ಇಟ್ಟಿದ್ದು?”

“ಗಿಡಾನ ಯಾರಾದ್ರೂ ಇಡ್ತಾರಾ... ಅಂದ್ರೆ, ಎಲ್ಲಾ ಒಂದೇ ಥರ ಬರಲ್ಲ ನೋಡು... ಮಣ್ಣು ಕೂಡ...”

“ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ರೀ, ನನ್ನ ಮುಖ ನೋಡಿ ಹೇಳಿ.”

ಅವರು ಮುಖ ನೋಡಿದರು. ನೋಡಿದ ಮೇಲೆ ಅವರಿಂದ ಸುಳ್ಳು ಹೇಳಲಾಗಲಿಲ್ಲ.

“ಮೊದಲು ಒಂದೇ ಒಂದು ಕಣೇ. ಆ ವರ್ಷ ನಿನ್ನ ಬಡ್ತಿ ತಪ್ಪಿಸಿ ನಿನಗಿಂತ ಕಿರಿಯಳಿಗೆ ಕೊಟ್ರು. ಅದೇ ವರ್ಷ ಐದು ತಿಂಗಳು ಹಿತ್ತಲಿಗೆ ಒಂದೂ ಹೊಸದು ಬರಲಿಲ್ಲ. ನೀನು ಕಚೇರಿಯಿಂದ ಬಂದು, ಸೀರೆ ಕೂಡ ಬದಲಿಸದೆ, ಮೆಟ್ಟಿಲ ಮೇಲೆ ಕೂತು ಬರೀ ನೆಲ ನೋಡ್ತಿದ್ದೆ. ನನಗೆ ನೋಡೋಕಾಗಲಿಲ್ಲ. ಒಂದು ನೀಲಿ ಹೂವಿನ ಬೀಜ ಸಿಕ್ಕಿತ್ತು. ಚಿಮುಟದಲ್ಲಿ ಹಿಡಿದು ತೊಟ್ಟಿ ಬುಡಕ್ಕೆ ಹಾಕ್ದೆ. ಹದಿನೈದು ದಿನಕ್ಕೆ ನೀನು ಅಂಗಡಿವರೆಗೂ ನಡೆದು ಬಂದು, ‘ರೀ, ಬಂತು ರೀ!’ ಅಂದೆ. ಗಿರಾಕಿಗಳ ಮುಂದೇನೇ. ಆ ಮುಖ ಕಂಡ ಮೇಲೆ ನಿಲ್ಲಿಸೋದು ಹ್ಯಾಗೆ?”

“ಎಷ್ಟು ವರ್ಷ?”

“ಆಗಿನಿಂದ.”

“ಹನ್ನೊಂದು ವರ್ಷ. ಎಷ್ಟು ಗಿಡ?”

“ಲೆಕ್ಕ ಇಟ್ಟಿಲ್ಲ.”

“ಯಾವ ಯಾವುದು?”

“ಎಲ್ಲಾ ನೆನಪಿಲ್ಲ ಕಣೇ.”

ಆವಕದಮ್ಮ ನಕ್ಕರು. ಆ ನಗುವನ್ನು ಕೇಳದಿದ್ದರೆ ಚೆನ್ನಾಗಿತ್ತು.

“ಹೆಂಡತಿ ಎಲೆಎಲೆಗೂ ಬರೆದಿಡ್ತಾಳೆ ಅಂತ ಗೊತ್ತಿತ್ತು. ಒಂದು ಚೀಟಿಯಾದ್ರೂ ಇಡಬಾರದಿತ್ತಾ?”

ಊಟ ಹಾಗೇ ಉಳಿಯಿತು. ಹೊರಡುವಾಗ ಗಡಿಯಾರದವರು ಬಾಗಿಲವರೆಗೆ ಬಂದು, “ಮೇಷ್ಟ್ರೇ, ನೀವಾದ್ರೂ ಹೇಳಿ. ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪಾ?” ಎಂದರು. ಜೀವಮಾನವೆಲ್ಲ ಮಕ್ಕಳಿಗೆ ಸರಿ ತಪ್ಪು ಗೀಚಿದವನು ನಾನು. ಆ ದಿನ ಕೆಂಪು ಶಾಯಿ ಒಣಗಿತ್ತು.

ಮರುದಿನ ಮಧ್ಯಾಹ್ನ ಮತ್ತೆ ಕರೆ ಬಂತು. ರಿಜಿಸ್ಟರನ್ನು ಉಳಿಸಿಕೊಳ್ಳಲು ಆವಕದಮ್ಮ ಒಂದು ದಾರಿ ಹುಡುಕಿದ್ದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಂಡನ ಮುಂದೆ ಓದುವುದು. ಅವರು ಹಾಕಿದ್ದನ್ನು ಹಾಕಿದ್ದೆಂದು, ತಾನಾಗಿ ಬಂದದ್ದನ್ನು ಬಂದದ್ದೆಂದು ಹೇಳುವುದು. ಹಾಕಿದ್ದಕ್ಕೆ ಕೆಂಪು ಗೆರೆ. ಉಳಿದವು ಎಷ್ಟಿದ್ದರೆ ಅಷ್ಟು, ಅವಕ್ಕೆ ಸಹಿ ಹಾಕಿ ಲೆಕ್ಚರರ್ ಹುಡುಗಿಗೆ ಕೊಡುವುದು. ಕಚೇರಿಯಲ್ಲಿ ಕಾಗದ ಕಳೆದಾಗ ಹೀಗೆಯೇ ಹುಡುಕುತ್ತಿದ್ದರಂತೆ.

ವೆರಾಂಡದಲ್ಲಿ ಎದುರುಬದುರು ಕುಳಿತರು. ಮೊದಮೊದಲು ಗಡಿಯಾರದವರು ತಡವರಿಸಿದರು. “ಇದು... ನಾನೇ ಇರಬೇಕು.” “ಇದು ಅಲ್ಲ.” “ಇದೂ ನಾನೇ.” ಒಂದೊಂದು ಕೆಂಪು ಗೆರೆ ಬಿದ್ದಾಗಲೂ ಹೆಂಡತಿಯ ತುಟಿ ಬಿಗಿಯುವುದನ್ನು ಅವರು ಗಮನಿಸುತ್ತಿದ್ದರು. ಬರಬರುತ್ತಾ ‘ನಾನಲ್ಲ’ ಹೆಚ್ಚಾಯಿತು. ಧ್ವನಿಯಲ್ಲಿ ಉತ್ಸಾಹವೂ ಬಂತು. ಬೆಕ್ಕಿನ ಮುಳ್ಳು? “ಛೇ, ಅದು ಬೆಕ್ಕೇ ತಂದದ್ದು.” ಮೆಟ್ಟಿಲ ಸಂದಿಯ ಹಳದಿ? “ಖಂಡಿತ ತಾನಾಗೇ ಬಂತು.” ಎಂಟು ಹತ್ತು ಸಾಲು ಸತತವಾಗಿ ಹೀಗೆ ಪಾರಾದವು. ನನಗೂ ಹಾಯೆನಿಸಿತು, ಬಹುಪಾಲು ಉಳಿಯಿತಲ್ಲ ಎಂದುಕೊಂಡೆ.

ಆವಕದಮ್ಮ ಪುಟ ತಿರುಗಿಸಿ, ಅದೇ ದನಿಯಲ್ಲಿ ಓದಿದರು:

“ಹದಿನಾರನೇ ವರ್ಷ. ಕ್ರಮಸಂಖ್ಯೆ ನೂರಾ ನಲವತ್ತೊಂಬತ್ತು. ಬಿಳಿ ಹೂ, ಐದು ಎಸಳು, ಎಸಳಿನೊಳಗೆ ನೇರಳೆ ಗೆರೆ. ಹಿಂಬಾಗಿಲಿನ ಎಡಕ್ಕೆ.”

“ಹಾಂ, ಅದು!” ಎಂದರು ಗಡಿಯಾರದವರು. “ಅದು ನಾನಲ್ಲವೇ ಅಲ್ಲ. ತಾನಾಗಿ ಬಂದದ್ದು. ನನಗೆ ಚೆನ್ನಾಗಿ ನೆನಪಿದೆ, ಎಷ್ಟು ಚೆಂದ ಇತ್ತು ಆ ನೇರಳೆ ಗೆರೆ!”

ಆವಕದಮ್ಮ ರಿಜಿಸ್ಟರನ್ನು ಅವರ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದರು. ನೂರಾ ನಲವತ್ತೊಂಬತ್ತು: ಒಂದು ನೆಲನೆಲ್ಲಿ. ಪಡುವಲ ಗೋಡೆ.

“ಅಂಥ ಬಿಳಿ ಹೂ ಈ ಹಿತ್ತಲಿಗೆ ಬಂದೇ ಇಲ್ಲ. ಈಗ ನನ್ನ ಬಾಯಿಂದ ಬಂತು.”

ಗಡಿಯಾರದವರ ಕೈ ಮೇಜಿನ ಮೇಲೆ ಬಿಚ್ಚಿಕೊಂಡು ಹಾಗೇ ಉಳಿಯಿತು.

“ನಿನ್ನೆ ಸಿಕ್ಕಿಬಿದ್ದಾಗ ಅಂದುಕೊಂಡೆ, ಇನ್ನಾದ್ರೂ ನಿಜ ಹೇಳ್ತಾರೆ ಅಂತ. ಈಗಲೂ ನನ್ನ ಮುಖ ನೋಡಿಕೊಂಡು ಒಂದೊಂದೇ ಗಿಡ ದಾನ ಮಾಡ್ತಿದ್ದೀರಿ.” ಅವರ ದನಿ ಏರಲಿಲ್ಲ. “ದಾರಿಹೋಕರ ವಾಚಿಗೆ ನಕಲಿ ತಿರುಪು ಹಾಕದವರು ನೀವು. ‘ಆಗಲ್ಲ, ತಗೊಂಡು ಹೋಗಿ’ ಅಂತೀರಿ. ನನಗೂ ಹಾಗೇ ಹೇಳಬಹುದಿತ್ತು. ‘ಈ ವರ್ಷ ಏನೂ ಬಂದಿಲ್ಲ ಕಣೇ’ ಅಂತ ಪಕ್ಕದಲ್ಲಿ ಕೂತಿದ್ರೆ ಸಾಕಿತ್ತು.”

“ಹೊಟ್ಟೆಗೆ ಹಾಕ್ಕೋಳೇ...”

“ಹನ್ನೊಂದು ವರ್ಷ ಅದನ್ನೇ ಮಾಡಿದೀನಿ, ಗೊತ್ತಿಲ್ದೆ.”

ರಿಜಿಸ್ಟರನ್ನು ಮುಚ್ಚಿ ಒಳಗೆ ಹೋದರು.

ಇದು ಗಂಡ ಹೆಂಡಿರ ನಡುವೆಯೇ ಮುಗಿದಿದ್ದರೆ ಕಾಲ ಮಾಯಿಸುತ್ತಿತ್ತೇನೋ. ಆದರೆ ಅದೇ ವಾರ ಅವರು ಅಂಚೆಯವನನ್ನು ಬಾಗಿಲಲ್ಲಿ ತಡೆದು ಕೇಳಿದರು: “ನಿನ್ನ ಹೆಸರಿನ ನೀಲಿ ಹೂ ನಿನ್ನ ಸೈಕಲ್ಲಲ್ಲಿ ಬಂದದ್ದಲ್ಲವಂತೆ, ಹೌದೇನಪ್ಪ?”

ಅವನು ವಿಷಯ ಬಯಲಾಗಿದೆಯೆಂದು ತಿಳಿದು ಹಗುರವಾಗಿ ನಕ್ಕುಬಿಟ್ಟ. “ಇಲ್ಲ ಅಮ್ಮಾವ್ರೇ, ನಾನೇ ಕೈಯಾರೆ ತಂದುಕೊಟ್ಟಿದ್ದು. ಊರಾಚೆ ಹೋದಾಗ ಚೆಂದದ್ದು ಕಂಡ್ರೆ ಬೀಜ ತಗೊಂಡು ಬಾ ಅಂತ ಗಡಿಯಾರದಣ್ಣ ಹೇಳಿದ್ರು. ಹಾಲಿನವರೂ ತರ್ತಿದ್ರು, ಇಸ್ತ್ರಿ ಅಂಗಡಿಯವರೂ ಕೊಡ್ತಿದ್ರು. ನಿಮಗೊಬ್ಬರಿಗೆ ಗೊತ್ತಾಗಬಾರದು ಅಂತ ಅಣ್ಣ ಆಣೆ ಹಾಕಿಸಿದ್ರು. ನಾವೆಲ್ಲ ನೋಡಿ ಖುಷಿಪಡ್ತಿದ್ವಿ ಅಮ್ಮಾವ್ರೇ, ನೀವು ಬಗ್ಗಿ ಬಗ್ಗಿ ಅಳೆದು ಬರ್ಕೊಳ್ಳೋದನ್ನ...”

ಅಷ್ಟು ಹೇಳಿದ ಮೇಲೆ ಅವರ ಮುಖ ಕಂಡು ನಾಲಿಗೆ ಕಚ್ಚಿಕೊಂಡನಂತೆ. ಆ ದಿನ ಸಂಜೆ ಅವರು ನನ್ನ ಮನೆಗೆ ಬಂದರು. ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

“ಬೀದಿಗೆ ಬೀದಿಯೇ ಸೇರಿ ನನ್ನನ್ನ ಆಟ ಆಡಿಸಿದೆ ಮೇಷ್ಟ್ರೇ. ಮಗುವಿನ ಮುಂದೆ ನಾಣ್ಯ ಮಾಯ ಮಾಡಿ, ಕಿವಿಯಿಂದ ತೆಗೆದು ತೋರಿಸ್ತಾರಲ್ಲ, ಹಾಗೆ. ನಾನು ಚಪ್ಪಾಳೆ ತಟ್ತಿದ್ದೆ.” ನನ್ನ ಕಡೆ ತಿರುಗಿ, “ನಿಮಗೆ ಗೊತ್ತಿತ್ತಾ?” ಎಂದರು.

“ಇಲ್ಲಮ್ಮ. ದೇವರಾಣೆಗೂ ಇಲ್ಲ.”

ತಲೆಯಾಡಿಸಿದರು. ನಂಬಿದರೆಂದು ನಾನು ತಿಳಿದೆ.

ಲೆಕ್ಚರರ್ ಹುಡುಗಿಗೆ ಅವರು ಬರೆದ ಪತ್ರ ಮೂರೇ ಸಾಲಿನದು. ‘ಸದರಿ ರಿಜಿಸ್ಟರಿನಲ್ಲಿ ಮನುಷ್ಯರು ಬಿತ್ತಿದ ಗಿಡಗಳು ಸೇರಿರುವುದು ಗೊತ್ತಾಗಿದೆ. ಯಾವುವು ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ಆದ ಕಾರಣ ಹಿಂಪಡೆದಿದ್ದೇನೆ.’ ಅವಳು ಓಡಿಬಂದು ಕೈ ಹಿಡಿದುಕೊಂಡಳು. “ಅಮ್ಮ, ಮೊದಲ ಹತ್ತು ವರ್ಷದ್ದಾದ್ರೂ ಕೊಡಿ. ಆಗ ಅವರು ಏನೂ ಹಾಕಿರಲಿಲ್ಲವಲ್ಲ, ನಕ್ಷೆಯಲ್ಲೇ ಕಾಣುತ್ತೆ.”

“ಹಾಕಿರಲಿಲ್ಲ ಅಂತ ಹೇಳಿದವರು ಯಾರಮ್ಮ? ಅವರೇ ತಾನೆ? ಮೊದಲು ಹಾಗೇ ಎರಚುತ್ತಿದ್ದರೇನೋ, ಆಮೇಲೆ ಕೈ ಕುದುರಿತೇನೋ. ನಾನು ಹೇಗೆ ಸಹಿ ಹಾಕಲಿ?”

ಅವಳು ಕಣ್ಣು ಒರೆಸಿಕೊಂಡು ಹೋದಳು. ಆವಕದಮ್ಮ ರಿಜಿಸ್ಟರಿನ ಪ್ರತಿ ಪುಟಕ್ಕೂ ಮೂಲೆಯಿಂದ ಮೂಲೆಗೆ ಗೆರೆ ಎಳೆದು ‘ರದ್ದು’ ಎಂದು ಬರೆದು, ಕೆಳಗೆ ಸಹಿ ಹಾಕಿದರು. ನಾನು ಎದುರಿಗೇ ಇದ್ದೆ. ಮೇಷ್ಟ್ರ ಹುಲ್ಲಿನ ಮೇಲೂ ಗೆರೆ ಹೋಯಿತು.

ಹಿತ್ತಲಿನ ಒಂದು ಗಿಡವನ್ನೂ ಅವರು ಕೀಳಲಿಲ್ಲ. “ಅವುಗಳ ತಪ್ಪೇನು?” ಎಂದರು. ಆದರೆ ಹಿತ್ತಲಿಗೆ ಹೋಗುವುದನ್ನು ಬಿಟ್ಟರು. ಈಗ ಗಡಿಯಾರದವರೇ ನೀರು ಹಾಕುತ್ತಾರೆ. ಮನೆಯಲ್ಲಿ ಜಗಳವಿಲ್ಲ. ಉಪ್ಪು ತಂದಿರಾ, ನೀರು ಬಂತಾ, ಮಾತ್ರೆ ನುಂಗಿದಿರಾ, ಎಲ್ಲ ಮಾತೂ ಇದೆ. ಒಮ್ಮೆ ಅವರ ಕೈಗಡಿಯಾರ ಕೆಟ್ಟಾಗ ಗಂಡನಿಗೆ ಹೇಳದೆ, ಆಚೆ ಬೀದಿಯ ಇನ್ನೊಂದು ಅಂಗಡಿಗೆ ಕೊಟ್ಟು ಸರಿಮಾಡಿಸಿಕೊಂಡು ಬಂದರು. ಇಡೀ ಪೇಟೆಬೀದಿ ಅದನ್ನೇ ಮಾತಾಡಿತು. ಗಡಿಯಾರದವರು ಎರಡು ದಿನ ಅಂಗಡಿ ತೆಗೆಯಲಿಲ್ಲ. ಅವರ ಮಂಡಿ ಮೊದಲೇ ಹಿಡಿದಿತ್ತು. ಈಗ ಬೆನ್ನೂ ಬಾಗಿದೆ.

ಆವಕದಮ್ಮ ಮಾತ್ರ ಬಯಲು ಮಾಳಿಗೆ ಹತ್ತುತ್ತಾರೆ. ಹೋದ ವರ್ಷ ಒಂದು ಅಗಲವಾದ ತಗಡಿನ ತಟ್ಟೆ ಮಾಡಿಸಿದರು. ಅದಕ್ಕೆ ಬೇಕಾದ ಮಣ್ಣನ್ನು ಕಬ್ಬಿಣದ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹಾಕಿ, ಒಳಗೆ ಯಾವ ಬೀಜವಿದ್ದರೂ ಸಾಯುವ ಹಾಗೆ ಹುರಿದರು. ಅಡಿಗೆಮನೆಯೆಲ್ಲ ಹೊಗೆ, ಕೆಮ್ಮು. ನಾಲ್ಕು ದಿನ ಹುರಿದು, ಆರಿಸಿ, ತಟ್ಟೆಗೆ ತುಂಬಿ, ಮಾಳಿಗೆಯ ನಡುವೆ ಇಟ್ಟು, ಮಾಳಿಗೆಯ ಬಾಗಿಲಿಗೆ ಹೊಸ ಬೀಗ ಹಾಕಿದರು. ಬೀಗದ ಕೈ ಅವರ ಸೊಂಟದಲ್ಲಿ. ಬೆಳಗ್ಗೆ ಏಳಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಹೋಗಿ ನೋಡಿ, ಕುದಿಸಿ ಆರಿಸಿದ ನೀರು ಚಿಮುಕಿಸಿ ಬರುತ್ತಾರೆ. ಹೊಸ ರಿಜಿಸ್ಟರು ತಂದಿದ್ದಾರೆ. ಎಂಟು ತಿಂಗಳು ಅದರಲ್ಲಿ ತಾರೀಕು ಬಿಟ್ಟರೆ ಏನೂ ಇರಲಿಲ್ಲ.

ಮೆಟ್ಟಿಲ ಬುಡದಲ್ಲಿ ಗಡಿಯಾರದವರು ಕುರ್ಚಿ ಹಾಕಿಕೊಂಡಿರುತ್ತಾರೆ. “ಏನಾದ್ರೂ ಬಂತೇನೇ?” ಎಂದು ಕೇಳುತ್ತಾರೆ. “ಕಾಫಿ ಆರಿಹೋಗುತ್ತೆ, ಕುಡೀರಿ” ಎಂದು ಉತ್ತರ ಬರುತ್ತದೆ.

ಹೋದ ವಾರ ನನ್ನನ್ನು ಮಾಳಿಗೆಗೆ ಕರೆದರು. ಅಲ್ಲಿಗೆ ಇನ್ನೊಬ್ಬರನ್ನು ಬಿಟ್ಟದ್ದು ಅದು ಎರಡನೆಯ ಸಲ. ಮೊದಲ ಸಲ ಹೋದ ತಿಂಗಳು ಬಿಸಿಲಿಗೆ ಮರೆ ಕಟ್ಟಲು ನಾನೇ ಹೋಗಿ ಹಗ್ಗ ಹಿಡಿದಿದ್ದೆ. ತಟ್ಟೆಯ ಅಂಚಿಗೆ ಸಮೀಪದಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದಾದ ಎರಡು ಹಸಿರೆಲೆ ಎದ್ದು ನಿಂತಿದ್ದವು. ಯಾವ ಗಿಡವೆಂದು ಹೇಳುವ ಹಾಗಿರಲಿಲ್ಲ. ನಾನು ಸಂತೋಷದಿಂದ, “ಬಂತಲ್ಲಮ್ಮ!” ಎಂದೆ.

ಅವರು ಎಲೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

“ಮೇಷ್ಟ್ರೇ, ತಪ್ಪು ತಿಳೀಬೇಡಿ. ಹೋದ ತಿಂಗಳು ಬಂದಾಗ... ನೀವೇನೂ ಹಾಕಲಿಲ್ಲ ತಾನೆ?”

“ಇಲ್ಲಮ್ಮ” ಎಂದೆ. ಇನ್ನೇನು ಹೇಳಲಿ? ನನಗಂತೂ ಕೋಪ ಬರಲಿಲ್ಲ.

ಅವರು ಗಿಡದಿಂದ ತಟ್ಟೆಯ ಅಂಚಿಗೆ ಅಳೆದರು. ಗೋಡೆಗೆ ಆನಿಸಿ ಇಟ್ಟ ರಿಜಿಸ್ಟರು ತೆಗೆದು ಕ್ರಮಸಂಖ್ಯೆ ಒಂದು ಎಂದು ಬರೆದರು, ತಾರೀಕು ಬರೆದರು, ಜಾಗ ಬರೆದರು. ‘ತಂದವರು’ ಎಂಬ ಕಲಮಿನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಅಲ್ಲಿ ಏನೂ ಬರೆಯದೆ ಪುಸ್ತಕ ಮುಚ್ಚಿದರು. ನಾನು ಮುಂದೆ ಇಳಿದೆ. ಅವರು ಬಾಗಿಲು ಎಳೆದು ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿಕೊಂಡು ಹಿಂದೆ ಬಂದರು.